ತೊಳೆಯಬಾರದ ಗಡಿಗೆ

ಬೆಳಗ್ಗೆ ಎದ್ದು ಬಚ್ಚಲಲ್ಲಿ ಕುಕ್ಕರಗಾಲಲ್ಲಿ ಕೂತು ತನ್ನ ಉಚ್ಚೆಯನ್ನು ತಾನೇ ಮೂಸಿ ನೋಡುವ ಗತಿ ಬಂತಲ್ಲ ಎಂದು ಓಕ್‌ನಿಮ್‌ಗೆ ಅಳುವೂ ಬಂತು, ನಗುವೂ ಬಂತು. ಯೊಂಗ್‌ಸಾನ್‌ಪೊದ ತೊರಕೆ ಬೀದಿಯಲ್ಲಿ ಮೂಗು ಎಂದರೆ ಅವಳ ಮೂಗು. ಹೊಳೆದಂಡೆಯ ಆ ಬೀದಿಯುದ್ದಕ್ಕೂ ಇರುವ ಅಂಗಡಿಗಳೆಲ್ಲ ಮಾರುವುದು ಒಂದನ್ನೇ: ಅಗಲ ರೆಕ್ಕೆಯ ತೊರಕೆ ಮೀನನ್ನು ಭತ್ತದ ಹುಲ್ಲಿನ ಜೊತೆ ಗಡಿಗೆಯಲ್ಲಿ ಹುದುಗು ಬರಲು ಇಟ್ಟು, ಕಣ್ಣಲ್ಲಿ ನೀರು ಬರಿಸುವಷ್ಟು ಘಾಟು ಹಿಡಿದ ಮೇಲೆ ಹೆಚ್ಚಿ ಕೊಡುವುದು. ಆದರೆ ಮುಚ್ಚಳ ಎತ್ತಿ ಒಂದು ಉಸಿರು ಎಳೆದು, ಇದಕ್ಕೆ ಇನ್ನೂ ಎರಡು ದಿನ ಬೇಕು, ಇದನ್ನ ಈಗಲೇ ತೆಗಿ ಎಂದು ಹೇಳಬಲ್ಲವಳು ಅವಳೊಬ್ಬಳೇ. ಬೇರೆ ಅಂಗಡಿಯವರೂ ಮನೆಗೆ ಬಂದು ಕರೆದುಕೊಂಡು ಹೋಗುತ್ತಿದ್ದರು. ತೊರಕೆಗೆ ಉಚ್ಚೆ ಹೊಯ್ಯಲು ದಾರಿಯಿಲ್ಲ, ಚರ್ಮದೊಳಗೇ ಇಟ್ಟುಕೊಂಡು ಸಾಯುತ್ತದೆ, ಅದೇ ಆಮೇಲೆ ಮೂಗಿಗೆ ಗುದ್ದುವ ಘಾಟಾಗುತ್ತದೆ ಎಂದು ಅವಳ ಅತ್ತೆ ಹೇಳುತ್ತಿದ್ದಳು. ಹಾಗಾಗಿ ಉಚ್ಚೆಯ ವಾಸನೆ ಓಕ್‌ನಿಮ್‌ಗೆ ಹೊಸತೇನಲ್ಲ, ಅವಳ ಅನ್ನವೇ ಅದು. ಇವತ್ತು ಬಚ್ಚಲಲ್ಲಿ ಎದ್ದ ಘಾಟು ಚೆನ್ನಾಗಿ ಪಕ್ವವಾದ ಗಡಿಗೆಯ ಹಾಗೇ ಇತ್ತು, ಮಾರಿದರೆ ಒಳ್ಳೆಯ ಬೆಲೆ ಬರುವ ಹಾಗಿತ್ತು. ಅದಾದರೂ ಹೋಗಲಿ. ಅದರ ಅಡಿಯಲ್ಲಿ ಇನ್ನೊಂದು ವಾಸನೆ ಇತ್ತು. ರಾತ್ರಿಯಷ್ಟೇ ಹಾಕಿಕೊಂಡ ಒಗೆದ ಚಡ್ಡಿಯಲ್ಲಿ ನೀರುನೀರಾದ ಬೂದು ಕಲೆ, ಅದರಿಂದ ಏಳುತ್ತಿದ್ದ ಮಂಕು ಮೀನುನಾತ. ಹುದುಗಿದ್ದಕ್ಕೂ ಕೊಳೆತದ್ದಕ್ಕೂ ಇರುವ ವ್ಯತ್ಯಾಸ ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಇಷ್ಟು ದಿನ ಅವಳು ಆ ನಾತವನ್ನು ಮೂಲೆಯ ಗಡಿಗೆಯ ತಲೆಗೆ ಕಟ್ಟಿದ್ದಳು. ಬಗ್ಗಿ ಮುಚ್ಚಳ ಎತ್ತಿದಾಗ ಮೊದಲ ಸಲ ಅದು ಬಡಿದದ್ದು. ಕೆಟ್ಟುಹೋಗಿದೆ ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದ್ದಳು, ಹುಕ್ಸಾನ್ ದ್ವೀಪದ ದೋಣಿಯವನಿಗೆ ಫೋನು ಮಾಡಿ, ಹಳೇ ಮೀನು ಕಳಿಸಿದ್ದೀಯ, ನಿನ್ನ ದೋಣಿ ಮುಳುಗಲಿ ಎಂದು ಬೈದಿದ್ದಳು. ಅವನು ಅವಳ ತವರಿನವನು, ದೂರದ ಸಂಬಂಧದಲ್ಲಿ ಅಣ್ಣ. ಆಮೇಲೆ ಅದೇ ನಾತ ಬಸ್ಸಿನಲ್ಲಿ ಬಂತು, ಹಾಸಿಗೆಯಲ್ಲಿ ಬಂತು, ಮೀನಿನ ಸುಳಿವೇ ಇಲ್ಲದ ಬ್ಯಾಂಕಿನಲ್ಲಿ ಬಂತು. ಗಡಿಗೆ ಬ್ಯಾಂಕಿಗೆ ಬರುವುದಿಲ್ಲ ಎಂಬುದು ಗೊತ್ತಿದ್ದರೂ ಅವಳು ಗಡಿಗೆಯನ್ನೇ ಬೈದಳು. ಶಕುನ ಹೇಳೋ ಹಲ್ಲಿ ಬಚ್ಚಲಲ್ಲಿ ಬಿತ್ತಂತೆ. ಈಗ ಆ ಬಚ್ಚಲಲ್ಲೇ ಕೂತು, ನಲ್ಲಿ ತಿರುಗಿಸಿ, ಸೋಪು ಕೈಗೆ ತೆಗೆದುಕೊಂಡು, ಉಜ್ಜಿ, ಮತ್ತೆ ಉಜ್ಜಿ, ಉರಿ ಹತ್ತಿದರೂ ಬಿಡದೆ, ಕೊನೆಗೆ ರಬ್ಬರಿನ ಪಿಚಕಾರಿಯಲ್ಲಿ ವಿನೆಗರ್ ನೀರು ತುಂಬಿ ಒಳಗೂ ಬಿಟ್ಟುಕೊಂಡಳು. ಹಲ್ಲು ಕಚ್ಚಿದಳು. ಇವತ್ತು ಚಾಕು ಮಸೆಯುವ ಪ್ಯೊ ಬರುತ್ತಾನೆ.

ತೊಳ್ಕೊಂಡು ಬಾ. ಮದುವೆಯಾದ ಮೊದಲ ರಾತ್ರಿ ಗಂಡ ಆಡಿದ ಮೊದಲ ಮಾತೂ ಅದೇ, ಕೊನೆಯ ವರ್ಷಗಳಲ್ಲಿ ಆಡುತ್ತಿದ್ದ ಒಂದೇ ಮಾತೂ ಅದೇ. ಅವನು ಪಟ್ಟಣದ ಕಚೇರಿಯಲ್ಲಿ ಗುಮಾಸ್ತ, ಬಿಳಿ ಅಂಗಿಯವನು. ತಾಯಿಯ ತೊರಕೆ ಅಂಗಡಿಯ ಅನ್ನ ತಿಂದು ಬೆಳೆದು, ಹೆಂಡತಿಯ ತೊರಕೆ ದುಡ್ಡಲ್ಲಿ ಬೂಟು ಕೊಂಡು, ತೊರಕೆ ಎಂದರೆ ಮೂಗು ಮುಚ್ಚಿಕೊಳ್ಳುತ್ತಿದ್ದ. ಗೆಳೆಯರ ಮುಂದೆ, ನಮ್ಮನೆಯವಳು ಬರ್ತಿದ್ದಾಳೆ ಅನ್ನೋದು ಗಾಳಿಯಲ್ಲೇ ಗೊತ್ತಾಗುತ್ತೆ ಎನ್ನುವನು, ಅವರು ನಗುವರು, ಅವಳೂ ತಟ್ಟೆ ಇಡುತ್ತ ನಗುವಳು. ದ್ವೀಪದ ಕಡೆ ಒಂದು ಮಾತಿದೆ, ಎಲ್ಲರ ಕೈಗೂ ಸದರವಾಗಿ ಸಿಕ್ಕೋದು ಗಂಡು ತೊರಕೆಯ ಬುಲ್ಲಿ ಅಂತ. ಹೆಣ್ಣು ತೊರಕೆಗೇ ಬೆಲೆ ಜಾಸ್ತಿಯಾದ್ದರಿಂದ ದೋಣಿಯವರು ಗಂಡಿನದನ್ನು ಹಿಡಿದ ಕೂಡಲೇ ಕತ್ತರಿಸಿ ಎಸೆಯುತ್ತಾರೆ. ಬೆಲೆಯಿದ್ದರೂ ಸದರವಾದವಳು ನಾನು ಎಂದು ಅವಳಿಗೆ ಆಗಾಗ ಅನಿಸುತ್ತಿತ್ತು. ಚಳಿಗಾಲದಲ್ಲೂ ಅಂಗಳದ ನಲ್ಲಿಯಲ್ಲಿ ತೊಳೆದುಕೊಂಡು, ಕಾಲು ಮರಗಟ್ಟಿ, ಒಳಗೆ ಹೋಗುವಷ್ಟರಲ್ಲಿ ಅವನು ಗೊರಕೆ ಹೊಡೆಯುತ್ತಿರುತ್ತಿದ್ದ. ಅವನು ಸತ್ತಾಗ ಹೆಣ ತೊಳೆದವರು ಬೇರೆಯವರು. ತೊಳ್ಕೊಂಡು ಹೋಗು ಎಂದು ಅವಳು ಮನಸ್ಸಿನಲ್ಲೇ ಹೇಳಿದ್ದಳು. ಹಾಗೆ ಹೇಳಿದ್ದಕ್ಕೇ ಈಗ ಅವನು ಅಲ್ಲಿ ಬಂದು ಸೇರಿಕೊಂಡು ಸೇಡು ತೀರಿಸಿಕೊಳ್ಳುತ್ತಿದ್ದಾನೆಯೇ? ಬದುಕಿದ್ದಾಗ ಅಷ್ಟು ಆಸಕ್ತಿ ತೋರಿಸದವನು ಸತ್ತ ಮೇಲೆ ಯಾಕೆ ಬಂದಾನು ಎನಿಸಿ, ಗ್ವಾಂಗ್‌ಜು ನಗರಕ್ಕೆ ಹೋಗುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತಿದ್ದ ಅವಳು ಕಿಸಕ್ಕನೆ ನಕ್ಕಳು.

ಬಸ್ಸು ಹತ್ತಿದ್ದು ಹೇಗೆ ಎಂಬುದೇ ಅವಳಿಗೆ ಸರಿಯಾಗಿ ನೆನಪಿಲ್ಲ. ಊರಲ್ಲೂ ಹೆಂಗಸರ ಆಸ್ಪತ್ರೆ ಇದೆ, ಬೇಕರಿಯ ಮೇಲೆ. ಆದರೆ ಆ ಮೆಟ್ಟಿಲು ಹತ್ತಿದ ವಿಧವೆಯ ಹೊಟ್ಟೆಯಲ್ಲಿ ಏನಿದೆ, ಯಾರದ್ದಿದೆ ಎಂದು ಬ್ರೆಡ್ಡು ಆರುವ ಮೊದಲೇ ಬೀದಿ ತೀರ್ಮಾನಿಸುತ್ತದೆ. ಮುಟ್ಟು ನಿಂತು ವರ್ಷಗಳಾದರೂ ತೀರ್ಮಾನಿಸುತ್ತದೆ. ಪಕ್ಕದ ಸೀಟಿನ ಹುಡುಗಿ ಮೂಗಿನ ಮೇಲೆ ಬೆರಳಿಟ್ಟುಕೊಂಡು ಎದ್ದು ಹಿಂದೆ ಹೋದಳು. ಮೀನಿನ ನಾತಕ್ಕೋ, ಇನ್ನೊಂದಕ್ಕೋ? ಅಥವಾ ಅವಳ ಗೆಳತಿ ಹಿಂದೆ ಕೂತಿದ್ದಳೋ? ಇದ್ದಕ್ಕಿದ್ದಂತೆ ಓಕ್‌ನಿಮ್‌ಗೆ ಪ್ಯೊನ ಮೇಲೆ ಸಿಟ್ಟು ಬಂತು. ಈ ರೋಗ ಅವನೇ ತಂದದ್ದಿರಬೇಕು. ಚಾಕು ಹರಿತ ಮಾಡುವ ಮನುಷ್ಯ, ಮನೆಮನೆಗೆ ಹೋಗುವವನು. ಬಸ್ ನಿಲ್ದಾಣದ ಹತ್ತಿರ ಗಂಡಸರು ದುಡ್ಡು ಕೊಟ್ಟು ಹಾಡಲು ಹೋಗುವ ಹಾಡುಗೂಡಿನ ಆ ಕೆಂಪು ಕೂದಲಿನವಳ ಚಾಕುವನ್ನೂ ಮಸೆಯುತ್ತಾನಲ್ಲ, ಹಾಡು ಹೇಳುವವಳಿಗೆ ಅಷ್ಟು ಹರಿತದ ಚಾಕು ಯಾಕೆ ಬೇಕು? ಯೋಚನೆ ಇಷ್ಟು ದೂರ ಹೋದಾಗ ಅವಳಿಗೇ ನಾಚಿಕೆಯಾಯಿತು. ಊರೆಲ್ಲ ಅವಳನ್ನು ಹುಕ್ಸಾನಿನವಳು ಎಂದೇ ಕರೆಯುವುದು. ಓಕ್‌ನಿಮ್ ಎಂಬ ಹೆಸರು ಗಂಡನ ಬಾಯಲ್ಲೂ ಬಂದದ್ದಿಲ್ಲ. ಹೋದ ವಸಂತದಲ್ಲಿ ಮಸೆದ ಚಾಕುವನ್ನು ಹೆಬ್ಬೆರಳ ಉಗುರಿನ ಮೇಲೆ ಇಟ್ಟು ನೋಡುತ್ತ ಪ್ಯೊ, "ಓಕ್‌ನಿಮ್ ಅವರೇ, ಹುಷಾರು, ಇದು ಈಗ ಮಾತಿಗಿಂತ ಚೂಪು" ಎಂದಿದ್ದ. ಹೆಸರು ಎಲ್ಲಿ ಸಿಕ್ಕಿತು ಎಂದರೆ ಅಂಗಡಿಯ ಪರವಾನಗಿ ಗೋಡೆಯ ಮೇಲೇ ಇದೆಯಲ್ಲ, ಇಷ್ಟು ವರ್ಷ ಯಾರೂ ಓದಿರಲಿಲ್ಲವಾ ಎಂದ. ಅವನ ಹೆಂಡತಿ ತೀರಿಹೋಗಿ ಬಹಳ ಕಾಲವಾಗಿತ್ತು. ಬೇಸಿಗೆಯಲ್ಲಿ ಒಂದು ಸಲ, ಮಳೆಗಾಲದಲ್ಲಿ ಕೆಲವು ಸಲ. ಪ್ರತಿ ಸಲವೂ ಅವನ ಕೋಣೆಗೆ ಹೋಗುವ ಮೊದಲು ಅವಳು ಚರ್ಮ ಸುಲಿಯುವ ಹಾಗೆ ತೊಳೆದುಕೊಂಡಳು. ಅವನು ಹೇಳಿರಲಿಲ್ಲ. ಹೇಳುವವರೆಗೆ ಯಾಕೆ ಕಾಯಬೇಕು ಎಂದು ತೊಳೆದುಕೊಂಡಳು. ನಾತ ಶುರುವಾದ ಮೇಲೆ ತಲೆನೋವು ಎಂದಳು, ಮಂಡಿನೋವು ಎಂದಳು, ಬರದಿದ್ದ ನೆಂಟರನ್ನು ಬರಿಸಿದಳು. ಹೋದ ವಾರ ಅವನು ಸಾಣೆಕಲ್ಲನ್ನು ಚೀಲಕ್ಕೆ ಹಾಕುತ್ತ, ತಲೆ ಎತ್ತದೆ ಹೇಳಿದ:

"ಬೇಡ ಅನ್ನೋದಾದ್ರೆ ಬೇಡ ಅಂದ್ಬಿಡಿ. ನಂಗೇನೂ ಬೇಜಾರಿಲ್ಲ. ಬೇಜಾರಿದೆ, ಆದ್ರೂ ಪರವಾಗಿಲ್ಲ. ಮುಂದಿನ ವಾರ ಬಂದಾಗ ಹೇಳಿ. ಬೇಡ ಅಂದ್ರೆ ಚಾಕು ಮಸೆಯೋಕೆ ನನ್ನ ತಮ್ಮನ್ನ ಕಳಿಸ್ತೀನಿ."

ಅವನ ತಮ್ಮನಿಗೆ ಚಾಕು ಹಿಡಿಯಲೂ ಬರುವುದಿಲ್ಲ.

ಆಸ್ಪತ್ರೆಯ ಕೌಂಟರಿನ ಹುಡುಗಿ ಕಿವುಡರ ಜೊತೆ ಮಾತಾಡುವ ಹಾಗೆ, "ಗಂಡಸಿನ ಸಂಪರ್ಕ ಇದೆಯಾ ಅಮ್ಮಾ?" ಎಂದು ಕೇಳಿದಳು. ಕಾದು ಕೂತ ತುಂಬುಬಸುರಿಯರೆಲ್ಲ ಕುತೂಹಲದಿಂದ ಮುಖ ಎತ್ತಿದರು. ಓಕ್‌ನಿಮ್ ಮೀನು ತೂಗುವಾಗ ತಲೆಯಾಡಿಸುವ ಹಾಗೆ, ಹೌದೆಂದೂ ಅಲ್ಲವೆಂದೂ ತಿಳಿಯದಂತೆ ತಲೆಯಾಡಿಸಿ, ಮೂಲೆಯ ಕುರ್ಚಿಗೆ ಹೋದಳು. ಅಲ್ಲಿ ಪತ್ರಿಕೆಯೊಂದನ್ನು ಮುಖಕ್ಕೆ ಹಿಡಿದು ಕೂತಿದ್ದ ಹೆಂಗಸಿನ ಕೈಚೀಲ ಎಲ್ಲೋ ನೋಡಿದ ಹಾಗಿತ್ತು. ಹಿಡಿಗೆ ಕಟ್ಟಿದ ಮರದ ಶಿಲುಬೆ. ಎದುರಂಗಡಿಯ ಮೇಂಗ್ ಅಕ್ಕ! ಚರ್ಚಿನಲ್ಲಿ ಹೆಂಗಸರ ಪ್ರಾರ್ಥನೆ ನಡೆಸುವವಳು, ಬೀದಿಯ ನೀತಿಗೆಲ್ಲ ಕಾವಲು. ಹೊಟ್ಟೆ ಸರಿಯಿಲ್ಲ ಎಂದು ಓಕ್‌ನಿಮ್ ಒಮ್ಮೆ ಬಾಯಿಬಿಟ್ಟಾಗ, ಒಳಗೆ ಶೀತ ಸೇರಿದೆ ಕಣೆ ಎಂದು ತೀರ್ಪು ಕೊಟ್ಟು, ತನ್ನ ಮನೆಯ ಹಿತ್ತಿಲಲ್ಲಿ ತೂತಿನ ಪೀಠದ ಮೇಲೆ ಕೂರಿಸಿ, ಕುತ್ತಿಗೆಯಿಂದ ಕಾಲಿನ ತನಕ ಕಂಬಳಿ ಸುತ್ತಿ, ಕೆಳಗೆ ಮಾಚಿಪತ್ರೆ ಕುದಿಸಿ ಹಬೆ ಕೊಟ್ಟವಳು ಅವಳೇ. ಪಾತ್ರೆಯೊಳಗಿನ ಕಡುಬಿನ ಹಾಗೆ ಬೆಂದು, ತೊಡೆ ಕೆಂಪಗಾಗಿ, ನಾತ ಎರಡು ಪಟ್ಟಾಗಿ ಓಕ್‌ನಿಮ್ ಮನೆಗೆ ಬಂದಿದ್ದಳು.

"ಅಯ್ಯೋ, ಹುಕ್ಸಾನಿನವಳೇ!" ಪತ್ರಿಕೆ ಇಳಿಯಿತು. "ನಾನು ಸುಮ್ನೆ... ಸೊಸೆ ಜೊತೆ ಬಂದೆ ಕಣೆ."

"ಎಲ್ಲಿ ಸೊಸೆ?"

"ಇನ್ನೂ ಬಂದಿಲ್ಲ. ನೀನ್ಯಾಕೆ?"

"ಮಂಡಿನೋವು."

"ಇದು ಹೆಂಗಸ್ರ ಆಸ್ಪತ್ರೆ."

"ನಾನೂ ಹೆಂಗಸೇ ಅಲ್ವಾ ಅಕ್ಕ."

ಅಷ್ಟರಲ್ಲಿ ಒಳಗಿನಿಂದ ಮೇಂಗ್ ಅಕ್ಕನ ಪೂರ್ತಿ ಹೆಸರನ್ನು ಕೂಗಿದರು. ಅವಳು ಎದ್ದಳು, ಶಿಲುಬೆಯನ್ನು ಚೀಲದ ಒಳಗೆ ತಳ್ಳಿದಳು, ಗಂಟಲು ಕೆರೆದುಕೊಂಡಳು. "ದೇವರು ಎಲ್ಲಾನೂ ನೋಡ್ತಾನೆ, ನೀನು ನೋಡಬೇಡ" ಎಂದು ಹೇಳಿ ಒಳಗೆ ಹೋದಳು. ಹಾಗಾದರೆ ಮಾಚಿಪತ್ರೆಯ ಪೀಠದ ಮೇಲೆ ಅವಳೂ ದಿನಾ ಕೂತು ಬೇಯುತ್ತಿದ್ದಳೇ? ಓಕ್‌ನಿಮ್‌ಗೆ ಮೊದಲು ಖುಷಿಯಾಯಿತು. ಆಮೇಲೆ ಆ ದೊಡ್ಡ ಬೆನ್ನು ಬಾಗಿಲಲ್ಲಿ ಸಣ್ಣದಾಗಿ ಒಳಗೆ ಹೋದದ್ದು ನೆನಪಾಗಿ ಪಾಪ ಎನಿಸಿತು.

ಒಳಗೆ ಡಾಕ್ಟರು ಪರೀಕ್ಷೆಗೆ ಮಲಗಿಸುವ ಕುರ್ಚಿಗೆ ಹೆಂಗಸರು ಮಾನಗೇಡಿ ಕುರ್ಚಿ ಎನ್ನುತ್ತಾರೆ. ಕಾಲು ಎತ್ತರದ ಕೊಂಡಿಗಳಲ್ಲಿ, ಸೊಂಟದ ಹತ್ತಿರ ಒಂದು ಪರದೆ. ಪರದೆಯ ಆ ಕಡೆ ಡಾಕ್ಟರು, ಈ ಕಡೆ ಮಾನ. ಡಾಕ್ಟರು ಹೆಂಗಸೇ, ನೆಗಡಿಯಾಗಿತ್ತು, ನಡುನಡುವೆ ಸೀನುತ್ತಿದ್ದಳು. ನೆಗಡಿ ಇರುವವಳು ಸಿಕ್ಕಿದ್ದು ಪುಣ್ಯ ಎಂದುಕೊಂಡು ಓಕ್‌ನಿಮ್ ಚಾವಣಿಯನ್ನು ನೋಡುತ್ತ ಮಲಗಿದಳು.

"ಎಷ್ಟು ದಿನದಿಂದ ಬಿಳಿ ಹೋಗ್ತಿದೆ ಅಮ್ಮಾ? ಮೊಸರಿನ ಗಡ್ಡೆ ಥರಾನಾ, ನೀರಾಗಾ?"

"ನೀರಾಗಿ. ಬೂದಿ ಬಣ್ಣ."

"ತುರಿಕೆ? ರಕ್ತ ಏನಾದ್ರೂ?"

"ರಕ್ತ ಇಲ್ಲ. ಉರಿ, ಅದು ತೊಳ್ಕೊಂಡಾಗ. ನಾತ..." ಅವಳು ನಿಲ್ಲಿಸಿದಳು. ಜೀವಮಾನವಿಡೀ ನಾತಕ್ಕೆ ಹೆಸರಿಟ್ಟವಳಿಗೆ ಬಾಯಿ ಕಟ್ಟಿತು. "ಮೀನಿನ ನಾತ. ನಾನು ಮೀನು ಮಾರೋಳು, ಆದ್ರೆ ಅದಲ್ಲ, ಇದು ನಂದೇ."

ಹೇಳಿದ ಮೇಲೆ ಎದೆ ಹಗುರವಾದ ಹಾಗಾಗಿ, ಮಿಕ್ಕದ್ದು ತಾನಾಗಿಯೇ ಬಂತು. ಕ್ಯಾನ್ಸರಾ? ಗಂಡಸಿನಿಂದ ಬಂದದ್ದಾ? ಈ ವಯಸ್ಸಲ್ಲಿ ಅಂಥದ್ದು ಮಾಡಿದ್ದಕ್ಕೆ ಹೀಗಾಯ್ತಾ? ಡಾಕ್ಟರು ಪರದೆಯ ಆ ಕಡೆಯಿಂದ ಸೀನಿ, ಕಡ್ಡಿಗೆ ಸುತ್ತಿದ ಹತ್ತಿಯಲ್ಲಿ ಏನನ್ನೋ ಒರೆಸಿಕೊಂಡು, ಗಾಜಿನ ಮೇಲೆ ಸವರಿ, ಎದ್ದು ಹೋಗಿ ನೋಡಿ ಬಂದಳು.

"ಏನಲ್ಲಿ ತೊಳೀತೀರಿ?"

"ಸೋಪು. ಆಮೇಲೆ ವಿನೆಗರ್ ನೀರು. ಒಳಗೂ."

"ದಿನಾನಾ?"

"ಗಿರಾಕಿ ಜಾಸ್ತಿ ಇದ್ದ ದಿನ ಎರಡು ಸಲ. ಆಮೇಲೆ ಮಾಚಿಪತ್ರೆ ಹಬೆ."

ಪರದೆಯ ಹಿಂದೆ ಡಾಕ್ಟರು ಕೈಗವಸು ಕಳಚಿ ಬುಟ್ಟಿಗೆ ಎಸೆದಳು.

"ಅಮ್ಮಾ, ಅಲ್ಲಿ ಒಂದು ಸಂಸಾರ ಇರುತ್ತೆ. ಕಣ್ಣಿಗೆ ಕಾಣದ ಒಳ್ಳೇ ಜೀವಿಗಳು. ಹುಳಿ ಮಾಡ್ಕೊಂಡು ಮನೆ ಕಾಯ್ತಿರ್ತವೆ. ಮುಟ್ಟು ನಿಂತ ಮೇಲೆ ಮೊದಲೇ ಕಮ್ಮಿ ಆಗಿರ್ತವೆ. ಇರೋ ನಾಕನ್ನೂ ನೀವು ಸೋಪು ಹಾಕಿ ಒಕ್ಕಲೆಬ್ಬಿಸಿದ್ರಿ. ಖಾಲಿ ಮನೆ ಅಂತ ಪುಂಡರು ಬಂದು ಸೇರ್ಕೊಂಡವ್ರೆ. ನಾತ ಅವರದ್ದು. ಯಾರೋ ಕೊಟ್ಟ ರೋಗದ ಥರ ಕಾಣಲ್ಲ, ಆದ್ರೂ ಒಂದು ಪರೀಕ್ಷೆಗೆ ಕಳಿಸ್ತೀನಿ. ಕ್ಯಾನ್ಸರಿನ ಗುರುತೂ ಏನೂ ಕಾಣ್ತಿಲ್ಲ. ಯಾವತ್ತಾದ್ರೂ ರಕ್ತ ಕಂಡ್ರೆ ಮಾತ್ರ ನೆಪ ಹೇಳದೆ ಓಡಿ ಬನ್ನಿ."

"ತೊಳೀದೆ ಇದ್ರೆ ಹೆಂಗೆ ಡಾಕ್ಟ್ರೇ?"

"ಹೊರಗೆ ಬರೀ ನೀರು ಸಾಕು. ಒಳಗಡೆ ಅದೇ ತನ್ನನ್ನ ತಾನು ತೊಳ್ಕೊಳ್ಳುತ್ತೆ. ನೀವು ಕೈ ಹಾಕಬೇಡಿ."

ಆ ಮಾತಿಗೆ, ಎಷ್ಟೋ ವರ್ಷದ ಹಿಂದಿನ ಮರದ ಸೌಟು ಮತ್ತೆ ತಲೆಗೆ ಬಿತ್ತು. ಅಂಗಳ, ಬಿಸಿಲು, ಅತ್ತೆಯ ಕೈಯಲ್ಲಿ ಸೌಟು. ಹೊಸ ಸೊಸೆ ಓಕ್‌ನಿಮ್, ಶಹಬ್ಬಾಸ್ ಅನ್ನಿಸಿಕೊಳ್ಳುವ ಆಸೆಗೆ, ಅತ್ತೆಯ ಅಜ್ಜಿಯ ಕಾಲದ ಗಡಿಗೆಯನ್ನು ಸೋಪು ಹಾಕಿ, ಭತ್ತದ ಹುಲ್ಲಿನ ಉಂಡೆಯಲ್ಲಿ ತಿಕ್ಕಿ, ಒಳಗೆ ಮುಖ ಕಾಣುವ ಹಾಗೆ ಬೆಳಗಿಟ್ಟಿದ್ದಳು. ಮುದುಕಿ ಗಡಿಗೆಯೊಳಗೆ ಮೂಗಿಟ್ಟು, ಹೆಣ ಕಂಡವಳ ಹಾಗೆ ಕೂತುಬಿಟ್ಟಳು. ಗಡಿಗೆಯ ಜೀವ ತೆಗೆದ್ಯಲ್ಲೇ ಮುಂಡೇದೆ, ಅದರೊಳಗೆ ಇದ್ದೋರು ಈಗ ಎಲ್ಲಿಗೆ ಹೋಗಬೇಕೆ! ಆ ಸಲ ಹಾಕಿದ ಮೀನೆಲ್ಲ ಹುದುಗದೆ ಕೊಳೆತಿತ್ತು. ಮಂಕು ನಾತ, ಬೂದು ನೀರು. ಎರಡು ಸಲ ಎಸೆದು, ಮೂರನೆಯ ಸಲ ಗಡಿಗೆ ಸರಿಹೋಗಿತ್ತು. ಅಂದಿನಿಂದ ಅವಳು ಗಡಿಗೆಗೆ ಬರೀ ನೀರು ಬಿಟ್ಟು ಬೇರೇನೂ ಮುಟ್ಟಿಸಿದವಳಲ್ಲ, ಮುಟ್ಟಿಸಿದವರನ್ನು ಬಿಟ್ಟವಳೂ ಅಲ್ಲ. ಅತ್ತೆ ತೊಳೀಬೇಡ ಎಂದದ್ದನ್ನು ಗಡಿಗೆಗೆ ಇಟ್ಟುಕೊಂಡಳು, ಅತ್ತೆಯ ಮಗ ತೊಳ್ಕೊ ಎಂದದ್ದನ್ನು ಮೈಗೆ ಇಟ್ಟುಕೊಂಡಳು. ಮಣ್ಣಿನ ಗಡಿಗೆಗೆ ತೋರಿಸಿದ ಮರ್ಯಾದೆಯಲ್ಲಿ ಕಾಲುಭಾಗ ತನಗೆ ತೋರಿಸಿಕೊಂಡಿದ್ದರೆ! ಅವಳಿಗೆ ನಗು ಬಂತು. ಕೊಂಡಿಯಲ್ಲಿದ್ದ ಕಾಲುಗಳು ಕುಣಿದವು, ಪರದೆ ಅಲುಗಾಡಿತು, ಡಾಕ್ಟರು ಗಾಬರಿಯಿಂದ ನೋವಾಯ್ತಾ ಎಂದಳು. ನಗು ಎಲ್ಲಿ ಅಳುವಾಯಿತೋ ಅವಳಿಗೇ ತಿಳಿಯಲಿಲ್ಲ. ಎಷ್ಟು ಚಳಿಗಾಲ ಆ ನಲ್ಲಿಯ ಕೆಳಗೆ ಕೂತಿದ್ದೆ ದೇವರೇ, ಎಷ್ಟು ಚಳಿಗಾಲ!

ಪರೀಕ್ಷೆಗೆ ಕೊಟ್ಟ ಉಚ್ಚೆಯಲ್ಲಿ ರೋಗವೇನೂ ಇರಲಿಲ್ಲ. ಬೆಳಗ್ಗೆಯಿಂದ ಎಷ್ಟು ನೀರು ಕುಡಿದಿರಿ ಎಂದು ಡಾಕ್ಟರು ಕೇಳಿದಾಗ, ಬೀದಿಗೆಲ್ಲ ಇರೋದು ಒಂದೇ ಕಕ್ಕಸು, ಅದಕ್ಕೇ ಕುಡಿಯಲ್ಲ ಎಂದಳು. ಕುಡಿಯದಿದ್ದರೆ ಅದು ಘಾಟಾಗದೆ ಪನ್ನೀರಾಗುತ್ತದೆಯೇ ಎಂದು ಬೈಸಿಕೊಂಡಳು. ಡಾಕ್ಟರು ಮಾತ್ರೆ ಬರೆದುಕೊಟ್ಟು, ಅದು ಮುಗಿಯುವ ತನಕ ಹೆಂಡ ಮುಟ್ಟಬಾರದು ಎಂದಳು. ತೊರಕೆ ಬೀದಿಯವಳಿಗೆ ಅದೊಂದೇ ನಿಜವಾದ ಶಿಕ್ಷೆಯಾಗಿ ಕಂಡಿತು.

ಅಂಗಡಿಯ ಮುಂದೆ ಪ್ಯೊ ಆಗಲೇ ಬಂದು, ಗೋಣಿಯ ಮೇಲೆ ಕೂತು, ಅವಳ ಚಾಕುಗಳನ್ನೆಲ್ಲ ಮಸೆದು ಸಾಲಾಗಿ ಇಟ್ಟಿದ್ದ. ಕೊನೆಯದನ್ನು ಮಸೆಯುತ್ತಲೇ ಇದ್ದ, ಮುಗಿದುಹೋದರೆ ಕೇಳಬೇಕಾಗುತ್ತದಲ್ಲ ಎಂಬಂತೆ. ಅವನ ಕುತ್ತಿಗೆ, ಕಿವಿಯ ಹಿಂದೆ, ತೋಳು, ಎಲ್ಲ ಬೆಂದ ಏಡಿಯ ಹಾಗೆ ಕೆಂಪಗಿತ್ತು. ದಾರಿಯುದ್ದಕ್ಕೂ ಅವಳು ಕಟ್ಟಿಕೊಂಡು ಬಂದಿದ್ದ ಸುಳ್ಳುಗಳು ಮೂರಿದ್ದವು. ಒಂದೂ ಬಾಯಿಗೆ ಬರಲಿಲ್ಲ.

"ಆಸ್ಪತ್ರೆಗೆ ಹೋಗಿದ್ದೆ. ನನ್ನ ಕೆಳಗೆ ನಾತ ಬರ್ತಿತ್ತು. ಅದಕ್ಕೇ ನಿಮ್ಮ ಹತ್ರ ಬರ್ಲಿಲ್ಲ. ತಲೆನೋವು, ನೆಂಟ್ರು, ಎಲ್ಲಾ ಸುಳ್ಳು. ಜಾಸ್ತಿ ತೊಳ್ದು ಹಾಳು ಮಾಡ್ಕೊಂಡಿದ್ದೀನಂತೆ. ಒಂದು ವಾರ ಮಾತ್ರೆ."

ಸಾಣೆಕಲ್ಲಿನ ಸದ್ದು ನಿಂತಿತು. ಪ್ಯೊ ಚಾಕುವನ್ನು ಬಟ್ಟೆಯಲ್ಲಿ ಒರೆಸಿ ಸಾಲಿನ ಕೊನೆಗೆ ಇಟ್ಟ. ಈಗ ಎದ್ದು ಹೋಗುತ್ತಾನೆ, ನಾಳೆ ತಮ್ಮ ಬರುತ್ತಾನೆ ಎಂದು ಅವಳು ಅಂದುಕೊಂಡಳು.

"ನಂದು ಅಂದ್ಕೊಂಡಿದ್ದೆ" ಎಂದ.

"ಏನು?"

"ವಾಸನೆ. ಕಬ್ಬಿಣ, ಎಣ್ಣೆ, ಮುದುಕನ ಮೈ. ಅದಕ್ಕೇ ಬರ್ತಿಲ್ಲ ಇವ್ಳು ಅಂದ್ಕೊಂಡೆ. ಸಾರ್ವಜನಿಕ ಸ್ನಾನದ ಮನೇಲಿ ಮೈ ಉಜ್ಜೋನು ಇವತ್ತು ಬೆಳಗ್ಗೆ ಹೇಳ್ಬಿಟ್ಟ, ಯಜಮಾನ್ರೇ, ಇನ್ನು ಉಜ್ಜೋಕೆ ಚರ್ಮ ಉಳಿದಿಲ್ಲ, ನಾಳೆ ಬಂದ್ರೆ ಮೂಳೆ ಉಜ್ಜಬೇಕು ಅಂತ."

ಅವಳಿಗೆ ಅವನ ಕೆಂಪು ಕುತ್ತಿಗೆಯನ್ನು ಮುಟ್ಟಬೇಕು ಎನಿಸಿತು, ಅಷ್ಟು ಪ್ರೀತಿ ಬಂತು. ಮುಟ್ಟುವ ಬದಲು ಒಳಗೆ ಹೋಗಿ, ಹೊಳೆಗೆ ಚೆಲ್ಲಲೆಂದು ಮೂಲೆಗೆ ಸರಿಸಿದ್ದ ಗಡಿಗೆಯ ಮುಚ್ಚಳ ಎತ್ತಿದಳು. ಘಾಟು ಹಣೆಗೆ ಗುದ್ದಿತು. ಶುದ್ಧ, ಚೂಪು, ತಪ್ಪಿಲ್ಲದ್ದು. ಕಣ್ಣಲ್ಲಿ ಬಳಬಳ ನೀರಿಳಿಯಿತು. ಪಾಪ ಗಡಿಗೆ, ಒಂದು ಮಾತೂ ಆಡದೆ ಬೈಸಿಕೊಂಡಿತ್ತು. ದ್ವೀಪದ ಅಣ್ಣನಿಗೆ ಫೋನು ಮಾಡಬೇಕು, ಬಾಯಿ ತುಂಬ ಬೈಸಿಕೊಳ್ಳಬೇಕು. ಖಾರ ಹಚ್ಚಿ ಹುಳಿ ಬರಿಸಿದ ಎಲೆಕೋಸಿನ ಹಳೆಯ ಕಿಮ್ಚಿ ತೆಗೆದಳು, ಬೇಯಿಸಿದ ಹಂದಿಮಾಂಸ ಹೆಚ್ಚಿದಳು, ಹೊಸದಾಗಿ ಮಸೆದ ಚಾಕುವಿನಲ್ಲಿ ತೊರಕೆಯನ್ನು ತೆಳ್ಳಗೆ ಕೊಯ್ದಳು. ಅವನ ಬಟ್ಟಲಿಗೆ ಅಕ್ಕಿಯ ಹೆಂಡ, ತನ್ನ ಬಟ್ಟಲಿಗೆ ತುಂಬ ನೀರು. ಕಕ್ಕಸು ಒಂದೇ ಇದ್ದರೆ ಇರಲಿ, ಸಾಲಿನಲ್ಲಿ ನಿಂತರಾಯಿತು. ತಟ್ಟೆಯನ್ನು ಒಳಗಿನ ಮೇಜಿಗಲ್ಲ, ಬೀದಿಯ ಕಡೆಯ ಹಲಗೆಗೆ ತಂದಿಟ್ಟಳು.

ಪ್ಯೊ ಎದ್ದ. ಕೈಗೆಲ್ಲ ಸಾಣೆಕಲ್ಲಿನ ಬೂದು ಕೆಸರು ಮೆತ್ತಿತ್ತು. ಎದುರಿನ ಅಂಗಡಿಯಲ್ಲಿ ಮೇಂಗ್ ಅಕ್ಕ ಓಕ್‌ನಿಮ್ ತಂದಂಥದ್ದೇ ಮಾತ್ರೆಯ ಪೊಟ್ಟಣವನ್ನು ಮೇಲಂಗಿಯೊಳಗೆ ಬಚ್ಚಿಡುತ್ತ, ಎರಡೂ ಕಣ್ಣು ಈ ಕಡೆಗೇ ನೆಟ್ಟು ನಿಂತಿದ್ದಳು.

"ಒಂದ್ನಿಮಿಷ," ಎಂದ ಪ್ಯೊ, "ತೊಳ್ಕೊಂಡು ಬರ್ತೀನಿ."

"ಬೇಡ" ಎಂದಳು ಓಕ್‌ನಿಮ್. ಬೀದಿಗೆಲ್ಲ ಕೇಳಿಸುವಷ್ಟು ಜೋರಾಗಿಯೇ ಬಂತು ಧ್ವನಿ. "ತೊಳೀಬೇಡಿ. ಹಾಗೇ ಕೂತ್ಕೊಳ್ಳಿ."

ಅವನು ಕೆಸರುಗೈಯನ್ನು ಗಾಳಿಯಲ್ಲಿ ಹಿಡಿದುಕೊಂಡೇ ಕೂತ. ಅವಳು ಹಂದಿಯ ಚೂರಿನ ಮೇಲೆ ತೊರಕೆ ಇಟ್ಟು, ಹಳೆಯ ಕಿಮ್ಚಿಯಲ್ಲಿ ಸುತ್ತಿ, ಅವನ ತುಟಿಯ ಹತ್ತಿರ ಹಿಡಿದಳು.

"ಬಾಯಿ ತೆಗೀರಿ."